ಪ್ರಿಂಟ್ ಮಾರೋದಾ, ಸಾಫ್ಟ್ ಕಾಪಿ ಮಾರೋದಾ? ಸ್ಕೂಲ್ ಡೇ ಫೋಟೋ ತೆಗೆಯುವವರಿಗೆ ಒಂದು ಲೆಕ್ಕ

ನಮ್ಮ ಮನೆ ಅಟ್ಟದ ಮೇಲೆ ಎರಡು ರಟ್ಟಿನ ಡಬ್ಬ ಇವೆ. ಅವುಗಳ ತುಂಬ ಬೇರೆಯವರ ಮಕ್ಕಳ ಫೋಟೋ. ಕೃಷ್ಣ, ಒನಕೆ ಓಬವ್ವ, ನೇಗಿಲು ಹೊತ್ತ ರೈತ, ಅಳುತ್ತಾ ನಿಂತಿರುವ ಒಂದು ಹುಲಿ. ಎಲ್ಲ ಒಂದೇ ಸ್ಕೂಲ್ ಡೇದು, ಮುನ್ನೂರಕ್ಕೂ ಜಾಸ್ತಿ ಪ್ರಿಂಟ್. ಹಾಸನದ ಹತ್ತಿರದ ಒಂದು ಶಾಲೆ, ಹೆಸರು ಬೇಡ ಬಿಡಿ. ಕಾರ್ಯಕ್ರಮ ಮುಗಿದ ರಾತ್ರಿಯೇ ಮೇಡಂ ಒಬ್ಬರು "ಸರ್, ಶಾಲೆ ರೆಕಾರ್ಡಿಗೆ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡಿ" ಅಂದರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಪೂರ್ತಿ ಸೈಜಿನಲ್ಲೇ ಹಾಕಿಕೊಟ್ಟೆ. ಮೂರು ದಿನ ಬಿಟ್ಟು ಲ್ಯಾಬಿನಿಂದ ಪ್ರಿಂಟ್ ತಂದು ಶಾಲೆ ಗೇಟಿನ ಪಕ್ಕ ಟೇಬಲ್ ಹಾಕಿ ಕೂತರೆ, ಮೊದಲು ಬಂದ ಅಪ್ಪ ಒಬ್ಬರು ಮಗಳ ಫೋಟೋ ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಜೇಬಿನಿಂದ ಮೊಬೈಲ್ ತೆಗೆದು ಅದೇ ಫೋಟೋ ನನಗೇ ತೋರಿಸಿದರು. "ಇದು ಗ್ರೂಪಲ್ಲಿ ಬಂತಲ್ಲಣ್ಣ, ಸ್ಟೇಟಸ್‌ಗೂ ಹಾಕಿ ಆಯ್ತು."

ಅವರ ತಪ್ಪೇನೂ ಇಲ್ಲ. ಮೇಡಂ ತಪ್ಪೂ ಇಲ್ಲ. ನಾನು ಮಾರುತ್ತಿರುವುದು ಏನು, ಯಾರಿಗೆ ಅಂತ ನಾನೇ ಮೊದಲು ತೀರ್ಮಾನ ಮಾಡಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಈಗ ಯಾರಣ್ಣ ಪ್ರಿಂಟ್ ತಗೋತಾರೆ, ಎಲ್ಲರಿಗೂ ಸಾಫ್ಟ್ ಕಾಪಿ ಸಾಕಲ್ವಾ?" ತೆಗೆದುಕೊಳ್ಳುತ್ತಾರೆ. ಆದರೆ ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಮಾತ್ರ. ಮಗು ವೇಷದಲ್ಲಿ ಇರುವಾಗ, ಅಜ್ಜಿ ತಾತ ಪಕ್ಕದಲ್ಲಿ ನಿಂತಿರುವಾಗ ಪ್ರಿಂಟ್ ಕೈಗೆ ಸಿಕ್ಕರೆ ದುಡ್ಡು ಕೊಡುತ್ತಾರೆ. ಒಂದು ವಾರ ಕಳೆದರೆ ಅದೇ ಫೋಟೋ ಬರೀ ಕಾಗದ. ಫೈಲ್ ಹಾಗಲ್ಲ, ಅದನ್ನು ಆರು ತಿಂಗಳ ಮೇಲೂ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಪ್ರಿಂಟನ್ನು ಬಿಸಿ ಇರುವಾಗಲೇ ಮಾರಿ, ಫೈಲನ್ನು ಆಮೇಲೆ ನಿಧಾನಕ್ಕೆ ಮಾರಿ. ಇದನ್ನು ತಿರುಗಾಮುರುಗಾ ಮಾಡಿದ್ದಕ್ಕೇ ನನ್ನ ಅಟ್ಟದ ಮೇಲೆ ಡಬ್ಬ ಕೂತಿರುವುದು.

1. ಮೊದಲು ದುಡ್ಡು ಯಾರ ಜೇಬಿನಿಂದ ಬರುತ್ತದೆ ಅಂತ ಕೇಳಿ

ದಾರಿ ಮೂರಿವೆ. ಕಾರ್ಯಕ್ರಮ ನಡೆಸುವವರೇ ಒಟ್ಟು ದುಡ್ಡು ಕೊಟ್ಟರೆ ಫೈಲ್ ಅವರಿಗೆ ಕೊಡಿ, ಮನೆಯವರಿಗೆ ಪ್ರಿಂಟ್ ಮಾರುವ ಆಸೆ ಬಿಟ್ಟುಬಿಡಿ. ಎರಡು ಕಡೆಯೂ ಪೂರ್ತಿ ದುಡ್ಡು ತೆಗೆದರೆ ಊರು ಚಿಕ್ಕದು, ಮಾತು ಬರುತ್ತದೆ. ಎರಡನೆಯದು, ನಡೆಸುವವರು ಪೈಸೆ ಕೊಡುವುದಿಲ್ಲ, ಒಳಗೆ ಬಿಡುತ್ತಾರೆ ಅಷ್ಟೆ. ಆಗ ಒಬ್ಬೊಬ್ಬ ಪೋಷಕರಿಗೂ ನೀವೇ ಮಾರಬೇಕು, ಲಾಭವೂ ನಿಮ್ಮದು, ನಷ್ಟವೂ ನಿಮ್ಮದು. ಮೂರನೆಯದು ಇವೆರಡರ ನಡುವಿನದು. ಶಾಲೆ ಒಂದು ಕನಿಷ್ಠ ಮೊತ್ತ ಕೊಡುತ್ತದೆ. ಅದಕ್ಕೆ ಬದಲಾಗಿ ಅವರ ರೆಕಾರ್ಡಿಗೆ, ಪೇಪರಿಗೆ ಕಳಿಸಲು ಅಂತ ಇಪ್ಪತ್ತೈದು ಮೂವತ್ತು ಫೋಟೋ: ದೀಪ ಬೆಳಗಿದ್ದು, ಅತಿಥಿಗಳ ಭಾಷಣ, ಬಹುಮಾನ ವಿತರಣೆ, ಒಂದೊಂದು ಡ್ಯಾನ್ಸಿನದು ಒಂದೊಂದು. ಒಂಟಿ ಮಗುವಿನ ಫೋಟೋ ಅದರಲ್ಲಿ ಇರಬಾರದು, ಅದು ಪೋಷಕರಿಗೆ ನೀವು ಮಾರುವುದು. ನಾನು ಈಗ ಬಹುತೇಕ ಈ ಮೂರನೇ ದಾರಿಯನ್ನೇ ಹಿಡಿಯುವುದು.

ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕಾರಣ ಬರೀ ಮರೆವು ಅಲ್ಲ, ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಫೋಟೋ ತೆಗೆದವನೇ ಮೊದಲ ಮಾಲೀಕ ಅನ್ನುವುದು ಸಾಮಾನ್ಯ ನಿಯಮ. ಆದರೆ ಯಾರಾದರೂ ದುಡ್ಡು ಕೊಟ್ಟು, ತಮಗಾಗಿ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ತೆಗೆಸಿದವರದು. ಅಂದರೆ ಮದುವೆ ಫೋಟೋದ ಹಕ್ಕು ನೀವು ಏನೂ ಬರೆಸಿಕೊಳ್ಳದಿದ್ದರೆ ದುಡ್ಡು ಕೊಟ್ಟ ಮನೆಯವರದು. ದುಡ್ಡು ಕೊಡದ ಶಾಲೆಯಲ್ಲಿ ನಿಮ್ಮ ಪಾಡಿಗೆ ನೀವು ತೆಗೆದ ಫೋಟೋದ ಹಕ್ಕು ನಿಮ್ಮದು. ಮಧ್ಯದ ದಾರಿ ಹಿಡಿದರೆ ಇದು ಕಲಸಿಹೋಗುತ್ತದೆ, ಅದಕ್ಕೇ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ: ಯಾವ ಫೈಲ್ ಯಾರಿಗೆ, ಯಾವಾಗ, ಯಾವುದಕ್ಕೆ. ವಕೀಲರ ಭಾಷೆ ಬೇಕಿಲ್ಲ, ಕನ್ನಡದಲ್ಲೇ ಬರೆಯಿರಿ.

ಒಂದು ಸಾಲು ಮಾತ್ರ ತಪ್ಪದೆ ಇರಲಿ: "ಪ್ರಿಂಟ್ ಮಾರಾಟ ಮುಗಿಯುವವರೆಗೆ ಫೋಟೋ ಗ್ರೂಪಿಗೆ ಹಾಕುವಂತಿಲ್ಲ."

2. ಎಷ್ಟು ಪ್ರಿಂಟ್ ಹೋದರೆ ಕೈ ಕಚ್ಚುವುದಿಲ್ಲ?

ಇಲ್ಲಿರುವ ಅಂಕಿಗಳು ಲೆಕ್ಕ ತೋರಿಸೋಕೆ ಅಷ್ಟೆ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಸ್ಥಳದಲ್ಲೇ ಕೊಡುವ ಒಂದು 6×8 ಇಂಚಿನ ಪ್ರಿಂಟಿಗೆ ಪೇಪರ್ ಮತ್ತು ರಿಬ್ಬನ್ (ಪ್ರಿಂಟರಿನ ಬಣ್ಣದ ಪಟ್ಟಿ) 25 ರೂಪಾಯಿ, ರಟ್ಟಿನ ಫೋಲ್ಡರ್ 15, ಹಾಳಾಗುವುದು ಮತ್ತು ಪ್ರಿಂಟರ್ ಸವೆತ ಸೇರಿ 10. ಒಟ್ಟು 50. ಮಾರುವುದು 150ಕ್ಕೆ. ಒಂದು ಪ್ರಿಂಟಿಗೆ ಉಳಿಯುವುದು 100.

ಈಗ ದಿನದ ಖರ್ಚು. ಇಬ್ಬರು ಹುಡುಗರಿಗೆ 1,600, ಗಾಡಿಗೆ 900, ಊಟ ಕಾಫಿಗೆ 500, ನಿಮ್ಮ ಎರಡು ದಿನದ ಕೂಲಿ 4,000. ನಿಮ್ಮ ಕೂಲಿ ಹಾಕಿಕೊಳ್ಳದೆ ಲೆಕ್ಕ ಮಾಡುವವರು ಜಾಸ್ತಿ, ಆಮೇಲೆ "ದುಡ್ಡೇ ಉಳಿಯಲ್ಲ" ಅಂತ ಕೊರಗುವವರೂ ಅವರೇ. ಒಟ್ಟು 7,000. ಅಂದರೆ 70 ಪ್ರಿಂಟ್ ಹೋಗುವವರೆಗೆ ನಿಮ್ಮ ಕೂಲಿ ಪೂರ್ತಿ ಹುಟ್ಟುವುದಿಲ್ಲ.

ಶಾಲೆಯಲ್ಲಿ 400 ಮಕ್ಕಳಿದ್ದಾರೆ ಅನ್ನಿ. ನಾಲ್ಕರಲ್ಲಿ ಒಬ್ಬರು ಕೊಂಡರೆ 100 ಪ್ರಿಂಟ್, ಕೂಲಿ ಮೇಲೆ 3,000 ಉಳಿಯಿತು. ಹತ್ತರಲ್ಲಿ ಒಬ್ಬರು ಕೊಂಡರೆ 40, ಆಗ ನಿಮ್ಮ ಕೂಲಿಯಲ್ಲೇ 3,000 ಕಮ್ಮಿ ಬಿತ್ತು. ಶಾಲೆಯವರಿಂದ ಕನಿಷ್ಠ ಮೊತ್ತ ಕೇಳಬೇಕು ಅಂದೆನಲ್ಲ, ಎಷ್ಟು ಅನ್ನುವುದು ಇಲ್ಲಿಂದಲೇ ಬರುತ್ತದೆ. ಕೆಟ್ಟ ದಿನದಲ್ಲಿ ಎಷ್ಟು ಕಮ್ಮಿ ಬೀಳುತ್ತದೋ ಅಷ್ಟನ್ನಾದರೂ ಕೇಳಿ. ಲೆಕ್ಕ ತೋರಿಸಿ ಕೇಳಿದರೆ ಮುಖ್ಯೋಪಾಧ್ಯಾಯರು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಮೊದಲೇ ಎಲ್ಲರ ಪ್ರಿಂಟ್ ಹಾಕಿಸಿ ತಂದು ಮಾರುವ ಪದ್ಧತಿ ಬೇಡವೇ ಬೇಡ. ಆರ್ಡರ್ ಬಂದಷ್ಟೇ ಪ್ರಿಂಟ್.

3. ಫೈಲಿಗೆ ಪ್ರಿಂಟಿಗಿಂತ ಜಾಸ್ತಿ ದರ ಇಡಿ

ಇದನ್ನು ಕೇಳಿದರೆ ಜನ ನಗುತ್ತಾರೆ. "ಪೇಪರಿಲ್ಲ, ಏನಿಲ್ಲ, ಅದಕ್ಕೆ ಜಾಸ್ತಿನಾ?" ಹಳೇ ಸ್ಟುಡಿಯೋ ನೆನಪು ಮಾಡಿಕೊಳ್ಳಿ. ಫೋಟೋ ಕವರಿನ ಮೇಲೆ ನೆಗೆಟಿವ್ ನಂಬರ್ ಬರೆದು ಕೊಡುತ್ತಿದ್ದರು. ಇನ್ನೊಂದು ಕಾಪಿ ಬೇಕಾದರೆ ಆ ಕವರ್ ಹಿಡಿದುಕೊಂಡು ಮತ್ತೆ ಅಲ್ಲಿಗೇ ಹೋಗಬೇಕಿತ್ತು. ನೆಗೆಟಿವ್ ಕೈಬಿಟ್ಟರೆ ಗಿರಾಕಿ ಕೈಬಿಟ್ಟ ಹಾಗೆ ಅಂತ ಅವರಿಗೆ ಗೊತ್ತಿತ್ತು. ಫೈಲ್ ಅಂದರೆ ಈಗಿನ ನೆಗೆಟಿವ್. ಒಮ್ಮೆ ಕೊಟ್ಟರೆ ಮುಗಿಯಿತು, ಅಜ್ಜಿಗೊಂದು, ಸೋದರಮಾವನಿಗೊಂದು, ದುಬೈನಲ್ಲಿರುವ ಚಿಕ್ಕಪ್ಪನಿಗೊಂದು ಅಂತ ಹೋಗಬೇಕಿದ್ದ ಐದು ಕಾಪಿ ಅದರಲ್ಲೇ ಹೋಯಿತು.

ನನ್ನ ಬೋರ್ಡಿನ ಮೇಲೆ ಇರುವುದು ಇಷ್ಟೇ: ಪ್ರಿಂಟ್ 150, ಫೈಲ್ 250, ಎರಡೂ ಸೇರಿ 300. ಫೈಲ್ ಬೇಕು ಅಂತ ಬಂದವರು ಇನ್ನು 50 ಹಾಕಿದರೆ ಪ್ರಿಂಟೂ ಸಿಗುತ್ತದಲ್ಲ ಅಂತ ಎರಡನ್ನೂ ತೆಗೆದುಕೊಳ್ಳುತ್ತಾರೆ. ಆ 50 ಪ್ರಿಂಟಿನ ಅಸಲು, ನನಗೆ ಅದರಲ್ಲಿ ಏನೂ ಹೋಗುವುದಿಲ್ಲ, ಮನೆಗೆ ಹೋದ ಫೋಲ್ಡರಿನ ಮೇಲೆ ನನ್ನ ಸ್ಟುಡಿಯೋ ಹೆಸರು ಮತ್ತು ನಂಬರ್ ಇರುತ್ತದೆ. ಮೂರಕ್ಕಿಂತ ಜಾಸ್ತಿ ಆಯ್ಕೆ ಇಡಬೇಡಿ. ಒಮ್ಮೆ ಏಳು ಸೈಜ್, ಮೂರು ಪ್ಯಾಕೇಜ್ ಅಂತ ಬೋರ್ಡ್ ತುಂಬ ಬರೆದಿದ್ದೆ. ಜನ ಬೋರ್ಡ್ ಓದಿ, "ಯೋಚನೆ ಮಾಡಿ ಬರ್ತೀವಿ" ಅಂತ ಹೋದರು. ಯೋಚನೆ ಮಾಡಿ ಯಾರೂ ವಾಪಸ್ ಬರುವುದಿಲ್ಲ.

ಚಿಕ್ಕ ಸೈಜಿನ ಫೈಲನ್ನು ಕಮ್ಮಿ ದರಕ್ಕೆ, "ಬರೀ ಮೊಬೈಲಿಗೆ" ಅಂತ ಕೊಡುವವರು ಇದ್ದಾರೆ. ಪಿಕ್ಸೆಲ್ ಲೆಕ್ಕ ಗೊತ್ತಿಲ್ಲದೆ ಇದನ್ನು ಮಾಡಬೇಡಿ. ಇಂಚಿಗೆ 300 ಚುಕ್ಕಿ ಅಂತ ಹಿಡಿದರೆ 4×6 ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. ಉದ್ದದ ಕಡೆ 2048 ಪಿಕ್ಸೆಲ್ ಇಟ್ಟು ಕೊಟ್ಟರೆ ಅದರಿಂದ ಒಂದು ಸೊಗಸಾದ 4×6 ಬರುತ್ತದೆ. 1080ಕ್ಕೆ ಇಳಿಸಿದರೂ ಮನೆಗೋಡೆಗೆ ಆಗುವಂಥ ಪ್ರಿಂಟ್ ಹೊರಡುತ್ತದೆ, ಪಕ್ಕದಲ್ಲಿಟ್ಟು ಹೋಲಿಸಿದರೆ ಮಾತ್ರ ವ್ಯತ್ಯಾಸ. ಪಿಕ್ಸೆಲ್ ಕಮ್ಮಿ ಮಾಡಿ ಪ್ರಿಂಟ್ ತಡೆಯುತ್ತೇನೆ ಅನ್ನುವುದು ಭ್ರಮೆ. ಕೊಟ್ಟ ಮೇಲೆ ಕೊಟ್ಟ ಹಾಗೆ ಅಂತಲೇ ದರ ಇಡಿ.

4. ಮಾರುವುದಕ್ಕೆ ಅಂತಲೇ ತೆಗೆಯಿರಿ

ಚೆನ್ನಾಗಿರುವ ಫೋಟೋ ಬೇರೆ, ಮಾರಾಟವಾಗುವ ಫೋಟೋ ಬೇರೆ. ಗುಂಪು ಡ್ಯಾನ್ಸಿನ ಅದ್ಭುತ ಫ್ರೇಮ್ ನಿಮ್ಮ ಇನ್‌ಸ್ಟಾಗ್ರಾಂಗೆ ಸರಿ. ಪೋಷಕರು ಕೊಳ್ಳುವುದು ತಮ್ಮ ಮಗು ಒಂದೇ ಇರುವ, ಕಣ್ಣು ತೆರೆದಿರುವ, ತಲೆಯಿಂದ ಪಾದದವರೆಗೂ ವೇಷ ಕಾಣುವ ಫೋಟೋವನ್ನು. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣವಾಗಲಿ, ಶಾಲೆ ಮೈದಾನದ ಶಾಮಿಯಾನವಾಗಲಿ, ಸ್ಟೇಜಿನ ಮೇಲಿನ ಕೆಂಪು ನೀಲಿ ಲೈಟಿನಲ್ಲಿ ಅದು ಸಿಗುವುದು ಕಷ್ಟ. ಅದಕ್ಕೆ ಸ್ಟೇಜ್ ಹತ್ತುವ ಮೆಟ್ಟಿಲಿನ ಪಕ್ಕ ಒಂದು ಬಟ್ಟೆ ಕಟ್ಟಿ, ಒಂದು ಲೈಟ್ ಇಟ್ಟು, ಮಕ್ಕಳು ಸಾಲಾಗಿ ಕಾಯುತ್ತಿರುವಾಗಲೇ ಒಬ್ಬೊಬ್ಬರದೂ ಎರಡೆರಡು ತೆಗೆದುಬಿಡಿ. ನನ್ನ ಮಾರಾಟದ ಬಹುಪಾಲು ಆ ಮೆಟ್ಟಿಲ ಪಕ್ಕದ ಬಟ್ಟೆಯದು.

ಸುತ್ತ ಜಾಗ ಬಿಟ್ಟು ತೆಗೆಯಿರಿ. ನಮ್ಮ ಕ್ಯಾಮೆರಾಗಳ ಫ್ರೇಮ್ ಸಾಮಾನ್ಯವಾಗಿ 3:2. 4×6, 8×12, 12×18 ಇವುಗಳಿಗೆ ಅದು ಸರಿಯಾಗಿ ಕೂರುತ್ತದೆ. 6×8ಕ್ಕೆ ಕೂರುವುದಿಲ್ಲ, 6×9 ಆಗಬೇಕಿದ್ದದ್ದರಲ್ಲಿ ಒಂದು ಇಂಚು ಕತ್ತರಿಸಿಹೋಗುತ್ತದೆ. ಅರಂಗೇಟ್ರಂ ಒಂದರಲ್ಲಿ ಪೂರ್ತಿ ಬಿಗಿಯಾಗಿ ತೆಗೆದಿದ್ದೆ. ಪ್ರಿಂಟಿನಲ್ಲಿ ಹುಡುಗಿಯ ಗೆಜ್ಜೆ ಹೋಗಿತ್ತು. ಅವರಮ್ಮ ಫೋಟೋ ನೋಡಿ ಏನೂ ಬೈಯಲಿಲ್ಲ, "ಗೆಜ್ಜೆ ಪೂಜೆ ಮಾಡಿಸಿ ಕಟ್ಟಿದ್ದು ಸರ್" ಅಂದರು ಅಷ್ಟೆ. ಬಿಳಿ ಅಂಚು ಬಿಟ್ಟು ಮತ್ತೆ ಹಾಕಿಕೊಟ್ಟೆ.

ಇನ್ನೆರಡು ವಿಷಯ. ಎರಡು ಕ್ಯಾಮೆರಾ ಇದ್ದರೆ ಎರಡರ ಗಡಿಯಾರವೂ ಸೆಕೆಂಡಿಗೆ ಸರಿಯಾಗಿ ಒಂದೇ ಇರಲಿ, ಇಲ್ಲದಿದ್ದರೆ ಆಮೇಲೆ ಜೋಡಿಸುವಾಗ ಯುಕೆಜಿ ಮಕ್ಕಳ ನಡುವೆ ಏಳನೇ ಕ್ಲಾಸಿನ ಕಂಸಾಳೆ ಬಂದು ಕೂರುತ್ತದೆ. ಪ್ರತಿ ಐಟಂ ಶುರುವಾಗುವ ಮೊದಲು ತರಗತಿ, ಸೆಕ್ಷನ್ ಬರೆದ ಸ್ಲೇಟಿನ ಒಂದು ಫೋಟೋ ತೆಗೆದುಕೊಳ್ಳಿ. "ನಮ್ಮದು ಮೂರನೇ ಕ್ಲಾಸ್ ಬಿ" ಅಂದ ತಕ್ಷಣ ನೀವು ಆ ಜಾಗಕ್ಕೆ ಹೋಗಬಹುದು. ಹುಡುಕುತ್ತಾ ಕೂತರೆ ಹಿಂದೆ ನಿಂತ ನಾಲ್ಕು ಜನ ಬಸ್ಸಿಗೆ ಹೊತ್ತಾಯ್ತು ಅಂತ ಹೊರಟುಬಿಡುತ್ತಾರೆ.

5. ಸ್ಥಳದಲ್ಲೇ ಪ್ರಿಂಟ್: ಟೇಬಲ್ ಹೇಗಿರಬೇಕು

ಇಲ್ಲಿ ಬೇಕಾದದ್ದು ಡೈ-ಸಬ್ಲಿಮೇಷನ್ ಪ್ರಿಂಟರ್, ಅಂದರೆ ರಿಬ್ಬನ್ನಿನ ಬಣ್ಣವನ್ನು ಬಿಸಿ ಮಾಡಿ ಪೇಪರಿಗೆ ಇಳಿಸುವಂಥದ್ದು. ಇಂಕ್‌ಜೆಟ್ ಆಗುವುದಿಲ್ಲ ಅಂತಲ್ಲ, ಆದರೆ ನಿಧಾನ, ಒದ್ದೆ ಕೈ ತಾಗಿದರೆ ಬಣ್ಣ ಕದಡುವ ಭಯ ಬೇರೆ. ಡೈ-ಸಬ್ ಪ್ರಿಂಟಿನ ಮೇಲೆ ಕೊನೆಗೆ ಒಂದು ತೆಳು ಪದರ ಕೂರುವುದರಿಂದ ಹೊರಬಂದ ಕೂಡಲೇ ಕೈಗೆ ಕೊಡಬಹುದು.

ನಾನು ಶುರು ಮಾಡಿದ್ದು ಅಂಗೈ ಎರಡರಷ್ಟು ದೊಡ್ಡದಾದ, 4×6 ಮಾತ್ರ ಹಾಕುವ ಚಿಕ್ಕ ಪ್ರಿಂಟರ್‌ನಿಂದ. ಒಂದು ಫೋಟೋಗೆ ಮುಕ್ಕಾಲು ನಿಮಿಷವಾದರೂ ಹಿಡಿಯುತ್ತದೆ. ದೊಡ್ಡ ಮಷೀನ್ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಯಾಕೆ ಅಂದರೆ ಅದರಲ್ಲಿ ಪೇಪರ್ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲ ಸಲ ಬಂದಾಗ ಮಗುವಿನ ಮುಖ ಪೂರ್ತಿ ಹಳದಿ, ಅರಿಶಿನ ಬಳಿದ ಹಾಗೆ. ಎರಡನೇ ಸಲ ಕೆಂಪು ಸೇರಿ ಸಂಜೆ ಬಿಸಿಲಿನ ಬಣ್ಣ. ಮೂರನೇ ಸಲ ನೀಲಿ ಕೂತು, ಇದ್ದಕ್ಕಿದ್ದ ಹಾಗೆ ಕೂದಲು ಕಪ್ಪಾಗಿ, ನವಿಲುಗರಿ ಹಸಿರಾಗಿ, ಕೃಷ್ಣ ಕೃಷ್ಣನೇ ಆಗುತ್ತಾನೆ. ನಾಲ್ಕನೇ ಸಲ ಮೇಲಿನ ಹೊಳಪು. ಮಕ್ಕಳು ಬಾಗಿ ನೋಡುತ್ತಾ ನಿಲ್ಲುತ್ತಾರೆ. ಮಕ್ಕಳು ನಿಂತ ಕಡೆ ಅಪ್ಪ ಅಮ್ಮ ನಿಲ್ಲಲೇಬೇಕು. ಬೋರ್ಡು, ಬ್ಯಾನರ್ ಯಾವುದೂ ಇಷ್ಟು ಜನ ಸೇರಿಸುವುದಿಲ್ಲ.

ಟೇಬಲ್ ಇಡುವ ಜಾಗ ಮುಖ್ಯ. ಹೊರಗೆ ಹೋಗುವ ದಾರಿಯಲ್ಲಿ, ಆದರೆ ಬಾಗಿಲಿಗೆ ತೀರಾ ಹತ್ತಿರ ಬೇಡ, ನೂಕುನುಗ್ಗಲು ಆಗುತ್ತದೆ. ಊಟದ ಕೌಂಟರ್ ಪಕ್ಕ ಆದರೆ ಇನ್ನೂ ಒಳ್ಳೆಯದು, ಸಾರಿನ ಕೈ ಪ್ರಿಂಟಿಗೆ ತಾಗದಷ್ಟು ದೂರ. ಒಬ್ಬ ಹುಡುಗ ಸ್ಕ್ರೀನ್ ಮುಂದೆ ಕೂತು ಫೋಟೋ ತೋರಿಸಲಿ, ಇನ್ನೊಬ್ಬ ದುಡ್ಡು ಮತ್ತು ಫೋಲ್ಡರ್ ನೋಡಿಕೊಳ್ಳಲಿ. ಎರಡನ್ನೂ ಒಬ್ಬನೇ ಮಾಡಿದರೆ ಯಾರು ದುಡ್ಡು ಕೊಟ್ಟರು, ಯಾರು ಬರೀ ಕ್ಯೂಆರ್ ಕೋಡಿನ ಮುಂದೆ ಮೊಬೈಲ್ ಆಡಿಸಿ ಹೋದರು ಅಂತ ಗೊತ್ತಾಗುವುದಿಲ್ಲ. ಸೌಂಡ್‌ಬಾಕ್ಸ್ ಇಟ್ಟುಕೊಳ್ಳಿ. ಚಿಲ್ಲರೆಯೂ ಇರಲಿ, ಮೊಮ್ಮಗನ ಫೋಟೋ ಕೊಳ್ಳುವ ಅಜ್ಜಂದಿರ ಹತ್ತಿರ ಇರುವುದು 500ರ ನೋಟು.

ಯುಪಿಐ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದು ಗಲಾಟೆ ಆಗಿದ್ದು ನೆನಪಿದೆಯಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಲಾಭ ಅಲ್ಲ, ವಹಿವಾಟು. ಬರೆದಿಟ್ಟುಕೊಳ್ಳಿ.

ಇನ್ನು ಕರೆಂಟ್. ಪ್ರಿಂಟ್ ಅರ್ಧಕ್ಕೆ ನಿಂತರೆ ರಿಬ್ಬನ್ನಿನ ಆ ಭಾಗ, ಆ ಪೇಪರ್ ಎರಡೂ ಹೋದ ಹಾಗೆ. ಸಕಲೇಶಪುರದ ಕಡೆ ಒಂದು ಎಸ್ಟೇಟ್ ಮದುವೆಗೆ ಹೋಗಿದ್ದೆ. ಜನರೇಟರ್ ಇದೆ ಅಂದಿದ್ದರು, ಇತ್ತು. ಆದರೆ ಕರೆಂಟ್ ಹೋಗಿ ಜನರೇಟರ್ ಎದ್ದೇಳುವ ನಡುವೆ ಅರ್ಧ ನಿಮಿಷ ಕತ್ತಲು. ಆ ಸಂಜೆ ಎಂಟೋ ಒಂಬತ್ತೋ ಸಲ ಹಾಗಾಯಿತು, ಪ್ರತಿ ಸಲವೂ ಒಂದು ಹಳದಿ ಮದುಮಗ ಸಿಗುತ್ತಿದ್ದ. ಯುಪಿಎಸ್ ಬೇಕು. ಕಂಪ್ಯೂಟರಿನ ಚಿಕ್ಕ ಯುಪಿಎಸ್ ತಡೆಯುತ್ತದಾ ಅಂತ ಮನೆಯಲ್ಲೇ ಮೊದಲು ಪರೀಕ್ಷೆ ಮಾಡಿ, ಏಕೆಂದರೆ ಈ ಪ್ರಿಂಟರ್‌ಗಳು ಕಾಯುವಾಗ ಸುಮ್ಮನಿದ್ದು, ಪ್ರಿಂಟ್ ಹಾಕುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತವೆ. ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಗಾಡಿಯಿಂದ ಇಳಿಸಿದ ತಕ್ಷಣ ಆನ್ ಮಾಡಬೇಡಿ. ತಣ್ಣಗಿದ್ದ ಮಷೀನ್ ಜನ ತುಂಬಿದ ಬೆಚ್ಚಗಿನ ಹಾಲಿಗೆ ಬಂದರೆ ಒಳಗೆ ಇಬ್ಬನಿ ಕೂರುತ್ತದೆ. ಒಂದು ಗಂಟೆ ಹಾಗೇ ಬಿಡಿ.

ರಿಬ್ಬನ್ ಲೆಕ್ಕ ಸುಲಭ. ಒಂದು ಸೆಟ್ಟಿನಲ್ಲಿ ಇಷ್ಟು ಪ್ರಿಂಟ್ ಅಂತ ಮೊದಲೇ ಗೊತ್ತಿರುತ್ತದೆ, ಫೋಟೋ ಕಪ್ಪಾಗಿದ್ದರೂ ಬೆಳ್ಳಗಿದ್ದರೂ ಖರ್ಚು ಒಂದೇ. ಒಂದು ಸೆಟ್ ಹೆಚ್ಚುವರಿ ಇಟ್ಟುಕೊಳ್ಳಿ. ಭಾನುವಾರ ಸಂಜೆ ಏಳು ಗಂಟೆಗೆ ಹಾಸನದ ಬಿ.ಎಂ. ರಸ್ತೆಯುದ್ದಕ್ಕೂ ಓಡಾಡಿದರೂ ನಿಮ್ಮ ಮಾಡಲ್‌ದು ಸಿಗುವುದಿಲ್ಲ.

6. ಎಲ್ಲಿ ಪ್ರಿಂಟ್ ನಡೆಯುವುದೇ ಇಲ್ಲ

ಕೆಸರುಗದ್ದೆ ಓಟ, ಮ್ಯಾರಥಾನ್, ಸೈಕಲ್ ರೇಸ್. ಪ್ರಿಂಟರ್ ಮನೆಯಲ್ಲೇ ಬಿಟ್ಟು ಹೋಗಿ. ಓಡುವವರ ಕೈಯಲ್ಲಿ ದುಡ್ಡೂ ಇರುವುದಿಲ್ಲ, ಚೀಲವೂ ಇರುವುದಿಲ್ಲ, ಮೈತುಂಬ ಕೆಸರು. ಅವರಿಗೆ ಬೇಕಾದದ್ದು ರಾತ್ರಿಯೊಳಗೆ ಸ್ಟೇಟಸ್‌ಗೆ ಹಾಕಲು ಒಂದು ಫೈಲ್, ಅದೂ ಬೇಗ. ಮ್ಯಾರಥಾನಿನಲ್ಲಿ ಎದೆಯ ನಂಬರ್ ನೋಡಿ ಜೋಡಿಸಬಹುದು. ಕೆಸರುಗದ್ದೆಯಲ್ಲಿ ಎರಡು ನಿಮಿಷಕ್ಕೆ ನಂಬರೂ ಇಲ್ಲ, ಮುಖವೂ ಇಲ್ಲ, ಎಲ್ಲರೂ ಒಂದೇ ಬಣ್ಣ. ಹಾಗಾಗಿ ಆಟಕ್ಕೆ ಇಳಿಯುವ ಮೊದಲು ಪ್ರತಿ ತಂಡವನ್ನೂ ಊರಿನ ಹೆಸರು ಬರೆದ ರಟ್ಟು ಹಿಡಿಸಿ ನಿಲ್ಲಿಸಿ ಒಂದು ಫೋಟೋ ತೆಗೆದುಕೊಳ್ಳಿ, ನಾಯಕನ ಫೋನ್ ನಂಬರ್ ಬರೆದುಕೊಳ್ಳಿ. ಒಬ್ಬೊಬ್ಬರಿಗೆ ಮಾರುವ ಬದಲು ತಂಡಕ್ಕೆ ಇಷ್ಟು ಅಂತ ಒಂದೇ ದರ ಹೇಳಿ. ಹನ್ನೊಂದು ಜನ ಹಂಚಿಕೊಂಡರೆ ಅವರಿಗೂ ಹಗುರ.

7. ಫೈಲ್ ತಲುಪಿಸುವ ರೀತಿ

ಫೈಲ್ ಜೆಪೆಗ್ ಆಗಿರಲಿ, ಅದರ ಬಣ್ಣದ ಸೆಟ್ಟಿಂಗ್ ಎಸ್‌ಆರ್‌ಜಿಬಿ ಇರಲಿ. ಅಡೋಬ್ ಆರ್‌ಜಿಬಿಯಲ್ಲಿ ಉಳಿಸಿ ಕೊಟ್ಟರೆ ಕೆಲವು ಫೋನುಗಳಲ್ಲಿ, ಲ್ಯಾಬಿನಲ್ಲಿ ಬಣ್ಣ ಮಂಕಾಗಿ ಕಾಣುತ್ತದೆ, ಬೈಗುಳ ನಿಮಗೆ.

ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ದುಡ್ಡು ಕೊಟ್ಟವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ, "ದೊಡ್ಡ ಪ್ರಿಂಟ್ ಬೇಕಾದರೆ ಈ ಫೈಲನ್ನೇ ಲ್ಯಾಬಿಗೆ ಕೊಡಿ, ಸ್ಟೇಟಸ್‌ನಿಂದ ಇಳಿಸಿಕೊಂಡದ್ದನ್ನು ಕೊಡಬೇಡಿ" ಅಂತ ಜೊತೆಗೆ ಒಂದು ಸಾಲು ಬರೆಯಿರಿ. ಇದನ್ನು ಹೇಳದೆ ಇದ್ದಾಗ ಸ್ಟೇಟಸಿನ ಫೋಟೋದಿಂದ 12×18 ಹಾಕಿಸಿ, "ನಿಮ್ಮ ಕ್ಯಾಮೆರಾ ಸರಿ ಇಲ್ಲ" ಅಂದವರೂ ಇದ್ದಾರೆ.

ಆಯ್ಕೆ ಮಾಡಿಕೊಳ್ಳಲು ಕಳಿಸುವ ಫೋಟೋ ಚಿಕ್ಕದಾಗಿರಲಿ, ಮುಖದ ಮೇಲೆ ಅಡ್ಡ ಬರುವ ಹಾಗೆ ಹೆಸರು ಇರಲಿ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿಕೊಳ್ಳುತ್ತಾರೆ. ಮುಖದ ಮೇಲೆ ಹಾಕಿದರೂ ಸ್ಕ್ರೀನ್‌ಶಾಟ್ ತೆಗೆದು ಹಾಗೇ ಸ್ಟೇಟಸ್‌ಗೆ ಹಾಕುವವರಿಗೆ ಏನೂ ಮಾಡಲಾಗದು, ಒಂದು ಜಾಹೀರಾತು ಅಂದುಕೊಳ್ಳಿ.

ಸೆಲ್ಫಿ ಹಾಕಿದರೆ ತಮ್ಮ ಫೋಟೋ ಮಾತ್ರ ಹುಡುಕಿಕೊಡುವ ಗ್ಯಾಲರಿಗಳು ಈಗ ಬಂದಿವೆ. ಮದುವೆಗೆ, ಮ್ಯಾರಥಾನಿಗೆ ಬಹಳ ಅನುಕೂಲ. ಶಾಲೆಗೆ ಮಾತ್ರ ನಾನು ಬಳಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ನಾನೂರು ಮಕ್ಕಳ ಮುಖವನ್ನು ಯಾವುದೋ ಕಂಪನಿಯ ಸರ್ವರ್‌ಗೆ ಹಾಕಿ, ಲಿಂಕ್ ಸಿಕ್ಕವರೆಲ್ಲ ನೋಡುವ ಹಾಗೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಶಾಲೆಯವರು ಪ್ರವೇಶದ ಫಾರಂನಲ್ಲಿ ಫೋಟೋಗೆ ಒಪ್ಪಿಗೆ ತೆಗೆದುಕೊಂಡಿದ್ದಾರಾ ಕೇಳಿ, ಬೇಡ ಅಂದ ಮಕ್ಕಳ ಪಟ್ಟಿ ಇದ್ದರೆ ಮೊದಲೇ ಪಡೆಯಿರಿ. ಟೇಬಲ್ ಹತ್ತಿರವೂ ಅವರವರ ಮಗುವಿನ ಫೋಟೋ ಮಾತ್ರ ತೋರಿಸಿ.

ಇದರ ಜೊತೆಗೇ ಇನ್ನೊಂದು. ಚಿಕ್ಕಮಗಳೂರಿನ ಕಡೆ ಹೋಂಸ್ಟೇ, ರೆಸಾರ್ಟಿನಲ್ಲಿ ಮದುವೆ ಮಾಡಿದಾಗ, ಅಲ್ಲಿಯ ಮ್ಯಾನೇಜರ್ ಬಂದು "ಒಂದು ಹತ್ತು ಒಳ್ಳೆ ಫೋಟೋ ನಮಗೂ ಕಳಿಸಿ ಸರ್, ಪೇಜಿಗೆ ಹಾಕ್ತೀವಿ, ನಿಮ್ಮ ಹೆಸರೂ ಹಾಕ್ತೀವಿ" ಅನ್ನುತ್ತಾರೆ. ಅದು ಜಾಹೀರಾತು, ಸುಮ್ನೆ ಕೊಡುವ ವಸ್ತು ಅಲ್ಲ. ಮದುವೆ ಮನೆಯವರು ಒಪ್ಪಬೇಕು, ಆಮೇಲೆ ದರ ಮಾತಾಡಬೇಕು. ಬಳಸಲು ಮಾತ್ರ ಅನುಮತಿ, ಎಷ್ಟು ದಿನಕ್ಕೆ, ಎಲ್ಲೆಲ್ಲಿ ಅಂತ ಬರೆದು ಕೊಡಿ. ಹಕ್ಕನ್ನೇ ಬರೆದುಕೊಟ್ಟು ಅವಧಿ ಹಾಕದೆ ಬಿಟ್ಟರೆ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಐದು ವರ್ಷ ಅಂತ ಲೆಕ್ಕ.

8. ಮದುವೆಯಲ್ಲಿ ಪ್ರಿಂಟ್ ಅಂದರೆ ಆಲ್ಬಂ, ಆಲ್ಬಂ ಅಂದರೆ ಥಂಡಿ

ಮದುವೆಯಲ್ಲಿ ಫೈಲ್ ಕೊಡುವುದಿಲ್ಲ ಅಂದರೆ ಈಗ ಕೆಲಸವೇ ಸಿಗುವುದಿಲ್ಲ. ಅಲ್ಲಿ ಫೈಲ್ ಒಟ್ಟು ದರದ ಒಳಗೇ ಬರುತ್ತದೆ. ಆಲ್ಬಂ ಬೇರೆ ಸಾಲಾಗಿ ಬರೆಯಿರಿ. ಆಲ್ಬಂ ಬೇಡ ಅಂದವರಿಗೆ ಎಷ್ಟು ಕಮ್ಮಿ ಆಗುತ್ತದೆ ಅಂತ ಕಾಣಬೇಕು. ತೆರೆದಾಗ 12×36 ಬರುವ ಆಲ್ಬಂನಲ್ಲಿ ಒಂದೊಂದು ಪುಟ 12×18, 3600×5400 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಫೋಟೋ ಒಂದು ಪುಟಕ್ಕೆ ಆರಾಮ. ಎರಡು ಪುಟಕ್ಕೂ ಹರಡಿದರೆ ಇಂಚಿಗೆ 170 ಚುಕ್ಕಿಯ ಹತ್ತಿರ ಇಳಿಯುತ್ತದೆ, ಅಗಲ ಜಾಸ್ತಿ ಆದ್ದರಿಂದ ಮೇಲೆ ಕೆಳಗೆ ಕತ್ತರಿಯೂ ಬೀಳುತ್ತದೆ. ಮುಹೂರ್ತದ ಒಂದು ಫೋಟೋಗೆ ಪರವಾಗಿಲ್ಲ, ಪ್ರತಿ ಪುಟಕ್ಕೂ ಬೇಡ.

ಮಲೆನಾಡಿನಲ್ಲಿ ಪ್ರಿಂಟಿನ ಶತ್ರು ಮೊಬೈಲ್ ಅಲ್ಲ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಗಳಲ್ಲಿ ಆಲ್ಬಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗೋಡೆ ಬೀರುವಿನಲ್ಲಿ ಇಡುತ್ತಾರೆ. ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿದು, ಪುಟಕ್ಕೆ ಪುಟ ಅಂಟಿಕೊಂಡು, ಬಿಡಿಸಲು ಹೋದರೆ ಅತ್ತೆಯ ಮುಖ ಮಾವನ ಪುಟದ ಮೇಲೆ ಬಂದಿರುತ್ತದೆ. ಹಾಗಾಗಿ ಆಲ್ಬಂ ಕೊಡುವಾಗಲೇ ಹೇಳಿಬಿಡಿ: ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಸುತ್ತಿ. ಗೋಡೆಗೆ ಒರಗಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದನ್ನು ಆಗಾಗ ಬದಲಿಸಿ. ಮಳೆ ಬಿಟ್ಟ ಮೇಲೆ ಒಮ್ಮೆ ತೆಗೆದು, ನೆರಳಿನಲ್ಲಿ ಪುಟ ಬಿಡಿಸಿ ಗಾಳಿಗೆ ಇಡಿ. ಫ್ರೇಮ್ ಹಾಕಿಸಿದರೆ ಫೋಟೋ ನೇರ ಗಾಜಿಗೆ ತಾಗದ ಹಾಗೆ ನಡುವೆ ಮೌಂಟ್, ಅಂದರೆ ಸುತ್ತ ರಟ್ಟಿನ ಅಂಚು, ಇರಲಿ, ತಾಗಿದರೆ ಥಂಡಿಗೆ ಗಾಜಿಗೇ ಅಂಟುತ್ತದೆ. ನಾನು ಮೂಡಿಗೆರೆ, ಸಕಲೇಶಪುರದ ಗಿರಾಕಿಗಳಿಗೆ ಮೌಂಟ್ ಇಲ್ಲದ ಫ್ರೇಮ್ ಮಾರುವುದನ್ನೇ ಬಿಟ್ಟಿದ್ದೇನೆ. ದರ ಜಾಸ್ತಿ ಅನ್ನುತ್ತಾರೆ, ಕಾರಣ ಹೇಳಿದರೆ ತಲೆ ಆಡಿಸುತ್ತಾರೆ, ಅವರ ಮನೆಯಲ್ಲೇ ಅಂಥದ್ದೊಂದು ಇರುತ್ತದೆ.

9. ಕೊನೆಗೆ, ಫೈಲ್ ಎಷ್ಟು ದಿನ ಇಟ್ಟುಕೊಳ್ಳಬೇಕು

ಕಾರ್ಡನ್ನು ಎಲ್ಲರಿಗೂ ತಲುಪಿಸುವವರೆಗೆ ಫಾರ್ಮ್ಯಾಟ್ ಮಾಡಬೇಡಿ. ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಕಾಪಿ ಇರಲಿ, ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ಆದರೆ ಜೀವನಪೂರ್ತಿ ಇಟ್ಟುಕೊಳ್ಳುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ, ಗಿರಾಕಿ ನಿಮ್ಮನ್ನು ಉಚಿತ ಗೋಡೌನ್ ಮಾಡಿಕೊಳ್ಳುತ್ತಾರೆ. ನಾನು ರಸೀದಿ ಪುಸ್ತಕದ ಹಿಂದೆ ಒಂದು ರಬ್ಬರ್ ಸ್ಟಾಂಪ್ ಹೊಡೆಸುತ್ತೇನೆ. ಬೇಕಾದರೆ ನೀವೂ ಹಾಗೇ ಬಳಸಿಕೊಳ್ಳಿ:

"ಫೋಟೋ ಫೈಲ್ ಕಾರ್ಯಕ್ರಮದ ದಿನದಿಂದ ಒಂದು ವರ್ಷ ನಮ್ಮಲ್ಲಿ ಇರುತ್ತದೆ. ಆಮೇಲೆ ಸಿಕ್ಕರೆ ಕೊಡುತ್ತೇವೆ, ಸಿಗದಿದ್ದರೆ ಬೇಸರ ಬೇಡ. ಇನ್ನೊಂದು ಪ್ರಿಂಟ್ ಬೇಕಾದರೆ ಫೋಲ್ಡರಿನ ಹಿಂದಿರುವ ನಂಬರ್ ಹೇಳಿ. ಫೈಲ್ ತೆಗೆದುಕೊಂಡವರು ದಯವಿಟ್ಟು ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಮೊಬೈಲ್ ಬಿದ್ದರೆ ನಾವು ಜವಾಬ್ದಾರರಲ್ಲ."